ಬೆನ್ನು ಬರಿದಾದ ಚೀಟಿ

“ಉಸಿರು ಕೂಡ ಬಿಡಬೇಡಿ, ಮಿಸ್ಟರ್ ವಿಚರ್ಲಿ. ಇವು ಹಾರಿಹೋದ್ರೆ ಮತ್ತೆ ಜೋಡಿಸೋ ಶಕ್ತಿ ನನಗಿಲ್ಲ.”

ಹೆಸ್ಟರ್ ಪಾರ್ಡೋ ಐದು ಚೀಟಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದಳು. ಮೂರು ದಿನದಿಂದ ನಿಘಂಟಿನ ಮನೆಯ ಚೀಟಿಗೂಡುಗಳನ್ನು ಜಾಲಾಡಿದ ಬೆರಳುಗಳ ತುದಿ ಒಡೆದಿತ್ತು. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

ಚೀಟಿಗಳ ಮುಖದಲ್ಲಿ ನಿಘಂಟಿನ ಪದಗಳಿದ್ದವು. ಬೆನ್ನಿನಲ್ಲಿ ಟೈಪ್ ಮಾಡಿದ ಒಂದು ಪತ್ರವಿತ್ತು. ಮೊದಲ ಚೂರಿನಲ್ಲಿ ಡಾಕ್ಟರ್ ಲೇಸಿಯ ಅಚ್ಚು ಹೆಸರು. ಅದರ ಕೆಳಗೆ ‘ಲಡ್ಲೋ, ಫೆಬ್ರವರಿ ೨೭, ೧೯೦೩’. ಎರಡನೆಯದರಲ್ಲಿ ‘ಪ್ರಿಯ ಮಿಸೆಸ್ ಥರ್ಸ್‌ಫೀಲ್ಡ್’. ಮುಂದಿನ ಎರಡರಲ್ಲಿ ಕೆಮ್ಮಿನ ಮಾತು, ನಿದ್ದೆ ಬಾರದ ಮಾತು. ಐದನೆಯದು ‘ಆದ್ದರಿಂದ ಇಂದಿನಿಂದ ಮಲಗುವ ಮುನ್ನ ಆ ಔಷಧಿಯನ್ನು’ ಎಂಬಲ್ಲಿಗೆ ಬಂದು ಕತ್ತರಿಸಿಹೋಗಿತ್ತು.

ಎಷ್ಟು ಹನಿ? ಅದು ಆರನೆಯ ಚೂರಿನಲ್ಲಿತ್ತು.

ಆ ಒಂದು ಸಂಖ್ಯೆಗಾಗಿ ಹೆಸ್ಟರಳ ತಂಗಿಯ ಮಗಳು ಎಡಿತ್ ನಾಲ್ಕು ದಿನದಿಂದ ಶ್ರೂಸ್‌ಬರಿಯ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿದ್ದಳು. ತಾನು ನೋಡಿಕೊಳ್ಳುತ್ತಿದ್ದ ಮುದುಕಿ ಮಿಸೆಸ್ ಥರ್ಸ್‌ಫೀಲ್ಡಳಿಗೆ ನಿದ್ದೆಯ ಔಷಧಿ ನಲವತ್ತು ಹನಿ ಕೊಟ್ಟು ಕೊಂದಳು ಎಂಬುದು ಆರೋಪ. ‘ಕಾಗದದಲ್ಲಿ ನಲವತ್ತು ಅಂತಲೇ ಇತ್ತು’ ಎಂದು ಎಡಿತ್. ‘ನಾನು ಬರೆದದ್ದು ಹತ್ತು’ ಎಂದು ಡಾಕ್ಟರ್. ಕಾಗದ ಮಾತ್ರ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಮೂರು ದಿನದ ಹಿಂದೆ ಜೈಲಿನಲ್ಲಿ ಕಂಬಿಯ ಆಚೆಯಿಂದ ಎಡಿತ್ ಒಂದು ಮಾತು ಹೇಳಿದ್ದಳು. “ಅಮ್ಮಾವ್ರು ಯಾವ ಕಾಗದಾನೂ ಬಿಸಾಕ್ತಿರ್ಲಿಲ್ಲ, ದೊಡ್ಡಮ್ಮ. ಕತ್ತರಿಸಿ ನಿಮ್ಮ ನಿಘಂಟಿನ ಮನೆಗೇ ಚೀಟಿ ಮಾಡ್ತಿದ್ರು.”

ಹೆಸ್ಟರ್ ಅಲ್ಲಿಂದ ಓಡಿ ಬಂದಿದ್ದಳು.

ಮಿಸೆಸ್ ಥರ್ಸ್‌ಫೀಲ್ಡ್ ಇಪ್ಪತ್ತು ವರ್ಷದಿಂದ ಕ್ರ್ಯಾಡಕ್ ನಿಘಂಟಿಗೆ ಪದ ಓದಿ ಕಳಿಸುತ್ತಿದ್ದ ಹೆಂಗಸು. ಹಳೆಯ ಪುಸ್ತಕದಲ್ಲಿ ಒಂದು ಪದ ಕಂಡರೆ, ಅದು ಬಂದ ವಾಕ್ಯವನ್ನೂ ಇಸವಿಯನ್ನೂ ಒಂದು ಚೀಟಿಗೆ ಇಳಿಸಿ, ಮೂಲೆಯಲ್ಲಿ ತನ್ನ ಹೆಸರಿನ ಎರಡಕ್ಷರ ಹಾಕುತ್ತಿದ್ದಳು. ಚೀಟಿ ಈ ಮನೆಗೆ ಬಂದ ದಿನ ಅದರ ಮುಖಕ್ಕೆ ನೇರಳೆ ಮೊಹರು. ಆಮೇಲೆ ಅದು ತನ್ನ ಪದದ ಗೂಡಿಗೆ. ಒಂದೇ ಕಾಗದದ ಆರು ತುಂಡುಗಳು ಆರು ಗೂಡು ಸೇರಿದರೂ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಈ ಮನೆಯಲ್ಲಿ ಚೀಟಿಯನ್ನು ಮಗುಚಿ ನೋಡಬಾರದು. ಓದುಗರ ಮನೆಯ ಗುಟ್ಟು ನಮಗೆ ಬೇಡ ಎಂದು ಸಂಪಾದಕರು ನಲವತ್ತು ವರ್ಷದ ಹಿಂದೆಯೇ ಹಾಕಿದ ಕಟ್ಟಳೆ ಅದು.

“ಮೂರು ದಿನದಿಂದ ‘ಸಿಲ್ಲಿ’ ಕಟ್ಟು ಕೇಳ್ತಿದ್ದೀನಿ,” ಎಂದಳು ಹೆಸ್ಟರ್. “ಮುದುಕಿ ಕಳಿಸಿದ ಪಟ್ಟಿಯಲ್ಲಿ ಆರನೇ ಪದ ಅದೇ. ಎಲ್ಲಿಟ್ಟಿದ್ದೀರಿ?”

ಉಪಸಂಪಾದಕ ವಿಚರ್ಲಿ ಕನ್ನಡಕ ತೆಗೆದು ಒರೆಸಿದ. ಒಳ್ಳೆಯ ಮಾತನ್ನೂ ಬೈಗುಳದ ಹಾಗೆ ಆಡುವುದು ಅವನ ರೂಢಿ.

“ಅದು ಅಚ್ಚಿಗೆ ಹೋಗಬೇಕಾದ ಪದ. ನಮ್ಮ ಸಂಪಾದಕ ದೊಡ್ಡೋರ ಮೇಜಿಂದ ಇವತ್ತು ಬೆಳಿಗ್ಗೆ ತಾನೇ ನನ್ನ ಹತ್ರ ಬಂತು. ಇಸವಿ ತಾಳೆ ನೋಡೋತನಕ ಯಾರಿಗೂ ಕೊಡಬಾರದು. ಕಟ್ಟಳೆ ನಿಮಗೆ ಗೊತ್ತು.”

“ನಾಲ್ಕು ನಲವತ್ತರ ರೈಲು ತಪ್ಪಿದ್ರೆ ಏನಾಗುತ್ತೆ ಅನ್ನೋದೂ ಗೊತ್ತು. ಆರು ಗಂಟೆಗೆ ನ್ಯಾಯಾಧೀಶರು ಸಾಕ್ಷಿ ಮುಗಿಸ್ತಾರೆ. ನಾಳೆ ಜ್ಯೂರಿ ಬಾಯಿ ಬಿಡುತ್ತೆ. ಅವಳಿಗೆ ಇಪ್ಪತ್ಮೂರು ವರ್ಷ, ಮಿಸ್ಟರ್ ವಿಚರ್ಲಿ.”

“ಕೂಗಾಡಬೇಡಿ. ನನಗೆ ಕಿವಿ ಕೇಳುತ್ತೆ.”

ಅವನು ಬೀಗದ ಕೈ ತಿರುಗಿಸಿ, ಸೆಳೆಗೂಡಿನಿಂದ ದಾರ ಕಟ್ಟಿದ ಕಟ್ಟೊಂದನ್ನು ತೆಗೆದು ಮೇಜಿಗೆ ಕುಕ್ಕಿದ. ಅದರ ಪಕ್ಕದಲ್ಲಿ, ಕಾಗದದಲ್ಲಿ ಸುತ್ತಿದ ಬ್ರೆಡ್ಡು ಚೀಸಿನ ಚೂರನ್ನೂ ಇಟ್ಟ.

“ನಿನ್ನೆಯಿಂದ ಏನೂ ತಿಂದಿಲ್ಲ ನೀವು. ತಲೆ ತಿರುಗಿ ನನ್ನ ಚೀಟಿಗಳ ಮೇಲೆ ಬಿದ್ರೆ ಯಾರು ಹೊಣೆ?”

ಹೆಸ್ಟರಳ ಕಣ್ಣು ತುಂಬಿತು. ತಿನ್ನಲು ಹೊತ್ತಿರಲಿಲ್ಲ. ಬ್ರೆಡ್ಡನ್ನು ಕೋಟಿನ ಜೇಬಿಗೆ ಹಾಕಿಕೊಂಡು ದಾರ ಬಿಚ್ಚಿದಳು.

ಆ ಕಟ್ಟಿನಲ್ಲಿ ಸುಮಾರು ನೂರಿಪ್ಪತ್ತು ಚೀಟಿಗಳಿದ್ದವು. ಅತಿ ಹಳೆಯವು ತಳದಲ್ಲಿ. ಅಲ್ಲಿ ‘ಸಿಲ್ಲಿ’ ಎಂದರೆ ಸುಖಿ, ದೇವರ ದಯೆಗೆ ಪಾತ್ರ. ಮೇಲೆ ಬಂದಂತೆ ಪಾಪವರಿಯದ ಹಸುಗೂಸು. ಇನ್ನೂ ಮೇಲೆ, ಕೈಲಾಗದ ಬಡಪಾಯಿ. ಕೊನೆಗೆ, ಇಂದು ಎಲ್ಲರ ಬಾಯಲ್ಲಿರುವ ಪೆದ್ದು. ಏಳೆಂಟು ನೂರು ವರ್ಷಗಳಲ್ಲಿ ಒಂದು ಪದ ಸ್ವರ್ಗದಿಂದ ಜಾರಿ ಬೀದಿಯ ಬೈಗುಳಕ್ಕೆ ಬಂದು ಬಿದ್ದಿತ್ತು. ಬೇರೆ ದಿನವಾಗಿದ್ದರೆ ಹೆಸ್ಟರ್ ಒಂದೊಂದನ್ನೂ ಸವಿಯುತ್ತಿದ್ದಳು. ಇಂದು ಹುಡುಕಿದ್ದು ಮೂಲೆಯ ಎರಡಕ್ಷರವನ್ನು ಮಾತ್ರ.

ಸಿಕ್ಕಿತು. ಗುಡ್ಡಗಾಡಿನ ಕುರುಬನೊಬ್ಬನ ದಿನಚರಿ, ೧೬೪೭. ‘ಮೂರು ದಿನ ಹಿಮ ಸುರಿಯಿತು. ಆ ಸಿಲ್ಲಿ ಕುರಿಗಳು ಗೋಡೆಯ ಮರೆಗೆ ನಿಂತೇ ಇದ್ದವು.’ ಕೆಳಗೆ ಮಿಸೆಸ್ ಥರ್ಸ್‌ಫೀಲ್ಡಳ ಹೆಸರಿನ ಎರಡಕ್ಷರ.

ಹೆಸ್ಟರ್ ಚೀಟಿ ಮಗುಚಿದಳು.

ಬೆನ್ನು ಬಿಳಿ. ಒಂದು ಗೀಟೂ ಇಲ್ಲ.

“ಇಲ್ಲ,” ಎಂದಳು. ಮತ್ತೆ ಮುಂದೆ ತಿರುಗಿಸಿದಳು, ಮತ್ತೆ ಹಿಂದೆ. “ಇಲ್ಲ, ಇಲ್ಲ.”

ವಿಚರ್ಲಿ ಬಾಗಿ ನೋಡಿದ. ಈಗ ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. “ಮುದುಕಿ ಒಂದು ಚೀಟಿ ಹೊಸ ಹಾಳೆಯಲ್ಲಿ ಬರೆದಿರಬಹುದು.”

“ಮೊಹರೆಲ್ಲಿ?”

ಮೊಹರಿರಲಿಲ್ಲ. ಮಿಕ್ಕ ಐದೂ ಚೀಟಿಗಳ ಮೇಲೆ ಮಾರ್ಚ್ ಮೂರರ ನೇರಳೆ ಗುರುತು ದುಂಡಗೆ ಕೂತಿತ್ತು.

“ಇದು ನಮ್ಮ ಮನೆಯ ಕಾಗದ,” ಎಂದಳು ಹೆಸ್ಟರ್. “ಯಾರೋ ಅಸಲು ಚೀಟಿ ತೆಗೆದು, ಅದನ್ನ ನಕಲು ಮಾಡಿ ಇಟ್ಟಿದ್ದಾರೆ.”

“ಕದಿಯೋನು ನಕಲು ಯಾಕೆ ಮಾಡ್ತಾನೆ? ಜೇಬಿಗೆ ಹಾಕ್ಕೊಂಡು ಹೋದ್ರೆ ಆಯ್ತಲ್ಲ. ನೂರಿಪ್ಪತ್ತರಲ್ಲಿ ಒಂದು ಹೋದ್ರೆ ಯಾರು ಎಣಿಸ್ತಾರೆ?”

“ಹೊರಗಿನೋನು ಹಾಗೇ ಮಾಡ್ತಿದ್ದ.” ಅವಳು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಬಡಪಾಯಿ ಅನ್ನೋ ಅರ್ಥಕ್ಕೆ ಇಷ್ಟು ಚೆನ್ನಾದ ವಾಕ್ಯ ಇನ್ನೊಂದಿಲ್ಲ. ಇದನ್ನ ಕಳೆಯೋಕೆ ಮನಸ್ಸು ಬಾರದೋನು ಈ ಮನೆಯೋನೇ.”

ಅಕ್ಷರಗಳ ಏರುಗೀಟುಗಳು ಸಣ್ಣಗೆ ನಡುಗಿದ್ದವು, ಚಳಿಗೆ ನಿಂತವರ ಹಾಗೆ. ಈ ಮನೆಯಲ್ಲಿ ನಡುಗುವ ಕೈ ಒಂದೇ. ವಿಚರ್ಲಿಯೂ ಅದನ್ನು ಕಂಡ. ಹೆಸ್ಟರ್ ಚೀಟಿ ಹಿಡಿದು ಹೊರಟಳು.

*

ಸಂಪಾದಕ ಆಂಬ್ರೋಸ್ ಕ್ರ್ಯಾಡಕ್ ತೋಟದ ಕಡೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದ. ಎಪ್ಪತ್ತನಾಲ್ಕು ವರ್ಷ. ಮೊಣಕಾಲಿಗೆ ಕಂಬಳಿ. ಅವಳನ್ನು ಕಂಡು, ಎಂದಿನಂತೆ, ಕಷ್ಟಪಟ್ಟು ಅರ್ಧ ಎದ್ದ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳಿಗಾಗಿ ಏಳದೆ ಉಳಿದವನಲ್ಲ.

“ಬಾ ಹೆಸ್ಟರ್. ಬೆಂಕಿ ಹತ್ರ ಕೂತ್ಕೋ. ಈ ಪದ ನನ್ನ ಪ್ರಾಣ ತಿಂತಿದೆ ನೋಡು. ಸುಖಿ ಅನ್ನೋ ಅರ್ಥದಿಂದ ಪೆದ್ದು ಅನ್ನೋದಕ್ಕೆ ಇಳೀತಲ್ಲ, ನಡುವೆ ಒಂದು ಮೆಟ್ಟಿಲು ಇರಲೇಬೇಕು. ಜನ ಮೊದಲು ಒಬ್ಬನ್ನ ನೋಡಿ ಅಯ್ಯೋ ಪಾಪ ಅಂತಾರೆ. ಆಮೇಲೆ ಅದೇ ಬಾಯಲ್ಲಿ ನಗ್ತಾರೆ...”

“ಆ ಮೆಟ್ಟಿಲಿನ ಚೀಟಿ ನನ್ನ ಕೈಲಿದೆ, ಸರ್. ಅಸಲು ಎಲ್ಲಿ?”

ಅವನ ಪೆನ್ನು ನಿಂತಿತು.

“ಯಾವ ಅಸಲು?”

“ಸುಳ್ಳು ಹೇಳಬೇಡಿ. ನಿಮಗೆ ಅದು ಬರಲ್ಲ.”

ಹೊರಗೆ ತೋಟದಲ್ಲಿ ಯಾರೋ ಕೊಂಬೆ ಕತ್ತರಿಸುತ್ತಿದ್ದರು. ಕತ್ತರಿಯ ಸದ್ದು ನಾಲ್ಕು ಬಾರಿ ಬಂದು ನಿಂತಿತು. ಮುದುಕ ಕಂಬಳಿಯ ಅಂಚನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ನೀನು ಜೈಲಿಂದ ಬಂದು, ಚೀಟಿ ಮಗುಚಿ ನೋಡ್ಲಾ ಅಂತ ಅಪ್ಪಣೆ ಕೇಳಿದೆ. ಕೊಟ್ಟೆ. ನೀನು ಆ ಕಡೆ ಹೋದ ಮೇಲೆ, ಈ ಕಟ್ಟು ನನ್ನ ಮುಂದೇ ಇತ್ತು. ಜೀವಮಾನದಲ್ಲಿ ಮೊದಲನೇ ಸಲ ನಾನೇ ಒಂದು ಚೀಟಿ ಮಗುಚಿದೆ.”

“ಏನಿತ್ತು?”

“ಹತ್ತು ಹನಿ ಅಂತ ಟೈಪ್ ಆಗಿತ್ತು. ಅದನ್ನ ಮಸಿಯಲ್ಲಿ ಹೊಡೆದು, ಮೇಲೆ ನಲವತ್ತು ಅಂತ ಅಂಕೆಯಲ್ಲಿ ಬರೆದಿತ್ತು. ಕೆಳಗೆ ಲೇಸಿಯ ಸಹಿ.”

ಎಡಿತ್ ಹೇಳಿದ್ದು ನಿಜ! ಕಾಗದದಲ್ಲಿ ನಲವತ್ತು ಇತ್ತು.

“ಮೂರು ದಿನ,” ಎಂದಳು. “ಮೂರು ದಿನ ನಾನು ಮಂಡಿಯೂರಿ ನಿಮ್ಮ ಗೂಡುಗಳಲ್ಲಿ ತಡಕಾಡ್ತಿದ್ದೆ. ನೀವು ಬಂದು ಟೀ ಕೊಟ್ರಿ. ನನ್ನ ಬೆರಳಿಗೆ ಬಟ್ಟೆ ಸುತ್ತಿದ್ರಿ. ಹೇಳಬೇಕು ಅಂತ ಅನ್ನಿಸ್ಲಿಲ್ವಾ?”

“ಆ ನಾಲ್ಕರ ಅಂಕೆ, ಹೆಸ್ಟರ್.” ಅವನು ಮುಖ ಎತ್ತಿದ. “ಅದರ ಕಾಲಿಗೆ ಅಡ್ಡಗೀಟು ಇತ್ತು.”

ಅವಳಿಗೆ ಅರ್ಥವಾಯಿತು. ಅಚ್ಚಿನವರು ನಾಲ್ಕನ್ನು ಒಂಬತ್ತೆಂದು ಓದಿ ಇಸವಿ ಕೆಡಿಸುತ್ತಾರೆಂದು, ನಾಲ್ಕರ ಕಾಲಿಗೆ ಒಂದು ಅಡ್ಡಗೀಟು ಎಳೆಯುವುದು ಈ ಮನೆಯ ಪದ್ಧತಿ. ಲಡ್ಲೋ ಊರಿನಲ್ಲಿ ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

“ಲೇಸಿಗೆ ಆ ಗೀಟು ಗೊತ್ತಿಲ್ಲ,” ಎಂದ ಮುದುಕ. “ಅವನ ಹೆಂಡತಿಗೆ ಗೊತ್ತು. ನನ್ನ ಮಗಳು ಮಾರ್ಗರೆಟ್‌ಗೆ. ಗಂಡನ ಕಾಗದಗಳನ್ನ ಲಕೋಟೆಗೆ ಹಾಕಿ ಅಂಚೆಗೆ ಕೊಡೋಳು ಅವಳೇ. ಯಾಕೆ ತಿದ್ದಿದಳೋ, ಯಾರ ಔಷಧಿ ಲೆಕ್ಕ ಯಾರದಕ್ಕೆ ಬೆರೆಸಿದಳೋ ನಾನು ಕೇಳಿಲ್ಲ. ಕೇಳೋ ಧೈರ್ಯ ಇಲ್ಲ. ತೊಟ್ಟಿಲಲ್ಲಿ ಕೂಸಿದೆ.”

“ಎಡಿತ್ ಕೂಡ ಒಂದು ಕಾಲಕ್ಕೆ ಕೂಸಾಗಿದ್ದಳು. ಈ ಕೋಣೇಲೇ, ಈ ಬೆಂಕಿ ಮುಂದೆ.”

“ಗೊತ್ತು.”

“ಸುಟ್ಟುಹಾಕಿದ್ರಾ?”

ಅವನು ಏಟು ತಿಂದವನಂತೆ ಅವಳನ್ನು ನೋಡಿದ. “ಸುಡೋದಾ? ಚೀಟಿನಾ? ಇಲ್ಲಮ್ಮ. ಬೇರೆ ಗೂಡಲ್ಲಿ ಇಟ್ಟೆ. ನಾವು ಆ ಅಕ್ಷರಕ್ಕೆ ಹೋಗೋಕೆ ಇನ್ನೂ ಹತ್ತು ವರ್ಷ ಬೇಕು. ಅಷ್ಟರಲ್ಲಿ ನಾನಿರಲ್ಲ. ಯಾರಾದ್ರೂ ತೆಗೆದು ನೋಡ್ತಾರೆ. ಸತ್ಯ ಆಗ ಹೊರಗೆ ಬರ್ಲಿ ಅಂತ...”

“ಹತ್ತು ವರ್ಷ! ಅವಳನ್ನ ಮುಂದಿನ ತಿಂಗಳು ನೇಣಿಗೆ ಹಾಕ್ತಾರೆ, ಸರ್!”

ಅವನು ಮುಖ ತಿರುಗಿಸಿದ. ಮೇಜಿನ ಮೇಲೆ ಮೂವತ್ತಾರು ಲಕ್ಷ ಚೀಟಿಗಳಿಂದ ಆರಿಸಿ ಬರೆದ ಹಾಳೆಗಳಿದ್ದವು. ಆ ಮೂವತ್ತಾರು ಲಕ್ಷದಲ್ಲಿ ಒಂದನ್ನು ನಾಲ್ಕು ನಲವತ್ತರೊಳಗೆ ಹುಡುಕುವುದು ಮನುಷ್ಯರಿಂದ ಆಗುವ ಕೆಲಸವಾಗಿರಲಿಲ್ಲ.

ಹೆಸ್ಟರ್ ಅವನ ಕಾಲ ಬಳಿ ನೆಲದ ಮೇಲೆ ಕೂತಳು. ಸಿಟ್ಟೆಲ್ಲ ಬಸಿದು ಹೋಗಿತ್ತು. ನಡುಗುವ ಆ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು.

“ನಮ್ಮಪ್ಪ ಸತ್ತಾಗ ನನಗೆ ಕೆಲಸ ಕೊಟ್ಟೋರು ನೀವು. ತಂಗಿ ಸತ್ತಾಗ ಎಡಿತ್‌ನ ಇಲ್ಲಿಗೇ ಕರ್ಕೊಂಡು ಬಾ ಅಂದೋರು ನೀವು. ನಾನು ಯಾವತ್ತೂ ಏನೂ ಕೇಳಿಲ್ಲ. ಈಗ ಕೇಳ್ತಿದ್ದೀನಿ. ಯಾವ ಪದ?”

“ನಿನಗೆ ಹೇಳಿದ್ರೆ ನನ್ನ ಮಗಳನ್ನ ನಾನೇ ಒಪ್ಪಿಸಿದ ಹಾಗೆ.”

“ಹೇಳದೇ ಇದ್ರೆ ನನ್ನ ಮಗಳನ್ನ ನೀವೇ ಕೊಂದ ಹಾಗೆ. ಯಾವ ಪದ, ಸರ್?”

ಗೋಡೆಯ ಗಡಿಯಾರ ಮೂರೂಕಾಲು ಹೊಡೆಯಿತು. ಮುದುಕ ಕಣ್ಣು ಮುಚ್ಚಿದ. ರೆಪ್ಪೆಯ ಅಡಿಯಿಂದ ನೀರು ಇಳಿದು ಗಡ್ಡಕ್ಕೆ ಸೇರಿತು.

“‘ವುಲ್’. ಉಣ್ಣೆ,” ಎಂದ. “ಕುರುಬನ ಮಾತಲ್ವಾ. ಉಣ್ಣೆಯ ಗೂಡಲ್ಲಿಟ್ಟೆ.”

*

ಕೊನೆಯ ಗೋಡೆಯ ಮೇಲಿನ ಸಾಲು. ವಿಚರ್ಲಿ ಏಣಿ ಹತ್ತಿ ಕಟ್ಟು ಇಳಿಸಿದ. ಕೋಟಿಗೆ ಧೂಳು ಹತ್ತಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಅರ್ಧ ಅವನು, ಅರ್ಧ ಇವಳು, ನೆಲದ ಮೇಲೆ ಹರಡಿಕೊಂಡು ಕೂತರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ವಿಚರ್ಲಿ ಒಂದು ಚೀಟಿಯನ್ನು ಅವಳ ಮುಂದೆ ಚಾಚಿದ.

ನೇರಳೆ ಮೊಹರು. ಹಿಮದಲ್ಲಿ ನಿಂತ ಕುರಿಗಳು. ಬೆನ್ನಿನಲ್ಲಿ, ಟೈಪಿನ ‘10’ರ ಮೇಲೆ ಒಂದು ಗೀಟು. ಅದರ ಮೇಲೆ ನೀಟಾಗಿ ‘40’. ನಾಲ್ಕರ ಕಾಲಿಗೆ ಅಡ್ಡಗೀಟು.

“ಹೋಗಿ,” ಎಂದ ವಿಚರ್ಲಿ. “ದೊಡ್ಡೋರನ್ನ ನಾನು ನೋಡ್ಕೋತೀನಿ. ಟೋಪಿ ಹಿಂದುಮುಂದಾಗಿದೆ, ಸರಿ ಮಾಡ್ಕೊಳ್ಳಿ. ಈ ವೇಷದಲ್ಲಿ ಹೋದ್ರೆ ನ್ಯಾಯಾಧೀಶ ನಿಮ್ಮನ್ನೇ ಒಳಗೆ ಹಾಕ್ತಾನೆ.”

ಸ್ಟೇಷನ್ನಿಗೆ ಇಳಿಜಾರಿನಲ್ಲಿ ಅವಳು ಹೆಚ್ಚುಕಡಿಮೆ ಓಡಿದಳು. ಆರು ಚೀಟಿಗಳು ಎದೆಯ ಹತ್ತಿರ ಒಳಜೇಬಿನಲ್ಲಿದ್ದವು. ಎಡಿತ್ ಉಳಿದಳು ಎಂದು ಮನಸ್ಸು ಕೂಗುತ್ತಿತ್ತು. ಮಾರ್ಗರೆಟ್ ಹೋದಳು ಎಂದು ಅದೇ ಮನಸ್ಸು ಅಳುತ್ತಿತ್ತು. ಒಂದನ್ನು ಬಿಟ್ಟು ಒಂದನ್ನು ಹಿಡಿಯಲು ಆಗುತ್ತಿರಲಿಲ್ಲ.

ರೈಲು ಬಂದು ನಿಂತಿತ್ತು. ಮೂರನೆಯ ದರ್ಜೆಯ ಡಬ್ಬಿಯ ಬಾಗಿಲಿನಿಂದ ಒಬ್ಬಳು ಕೈ ಬೀಸಿದಳು.

“ಹೆಸ್ಟರತ್ತೆ! ಇಲ್ಲಿ! ನಿಮಗೆ ಕಿಟಕಿ ಪಕ್ಕ ಜಾಗ ಹಿಡಿದಿದ್ದೀನಿ.”

ಮಾರ್ಗರೆಟ್ ಲೇಸಿ. ಮುಖ ಬಿಳಿಚಿಕೊಂಡಿತ್ತು. ತೋಳಲ್ಲಿ ಒಂದು ಬುಟ್ಟಿ.

“ನೀನು ಇಲ್ಲಿ ಯಾಕೆ ಬಂದೆ?” ಹೆಸ್ಟರಳ ಕೈ ಒಳಜೇಬಿನ ಮೇಲೆ ಹೋಯಿತು.

“ಎಡಿತ್‌ನ ನೋಡಬೇಕು. ಬೇಡ ಅಂದ್ರು ಮನೇಲಿ. ನನ್ನ ಗಂಡ ಆ ಕಡೆ ಸಾಕ್ಷಿ ಹೇಳಿರಬಹುದು, ನಾನು ಹೇಳಿಲ್ಲವಲ್ಲ. ಚಿಕ್ಕಂದಿನಲ್ಲಿ ನಿಮ್ಮ ಮೇಜಿನ ಕೆಳಗೆ ಒಂದೇ ಸ್ಲೇಟಲ್ಲಿ ಬರೆದೋರು ನಾವು. ಅವಳಿಗೆ ಬೀಜದ ಕೇಕ್ ತಂದಿದ್ದೀನಿ, ಬಿಡ್ತಾರೋ ಇಲ್ವೋ.”

ಈ ಕೈಯೇ? ಬುಟ್ಟಿಯ ಮೇಲಿನ ಬಟ್ಟೆಯನ್ನು ಇಷ್ಟು ನವಿರಾಗಿ ಸರಿಪಡಿಸುತ್ತಿರುವ ಈ ಕೈ?

“ಹೆತ್ತು ಎಷ್ಟು ದಿನ ಆಯ್ತು? ಈ ಚಳೀಲಿ ಹೊರಗೆ ಬರಬಾರದಿತ್ತು,” ಎಂದಳು ಹೆಸ್ಟರ್. ಏನಾದರೂ ಆಡಬೇಕಲ್ಲ ಎಂದು ಆಡಿದ ಮಾತು ಅಷ್ಟೇ.

“ನಿನ್ನೆಗೆ ನಾಲ್ಕು ವಾರ. ಆ ದೊಡ್ಡ ಗಾಳಿ ಬಂತಲ್ಲ, ಫೆಬ್ರವರಿ ಇಪ್ಪತ್ತಾರು, ಆವತ್ತು ಹುಟ್ಟಿದಳು. ಆಮೇಲೆ ನಾಲ್ಕು ದಿನ ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲವಂತೆ. ಜ್ವರ. ಪಾಪ, ನಮ್ಮೋರು ನನ್ನ ಹಾಸಿಗೆ ಪಕ್ಕದಲ್ಲೇ ಟೈಪ್ ಯಂತ್ರ ಇಟ್ಕೊಂಡು ಕಾಗದ ಬರೆದು, ತಾವೇ ಅಂಟಿಸಿ, ತಾವೇ ಅಂಚೆಗೆ ಹಾಕ್ತಿದ್ರಂತೆ.”

ಹೆಸ್ಟರ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟಳು.

ಫೆಬ್ರವರಿ ಇಪ್ಪತ್ತೇಳು. ಮೊದಲ ಚೂರಿನ ಮೇಲಿನ ತಾರೀಖು. ಮುದುಕನ ಕೈಗೆ ಸಿಕ್ಕಿದ್ದು ಆರನೆಯ ಚೂರು ಮಾತ್ರ. ತಾರೀಖನ್ನು ಅವನು ಕಂಡೇ ಇರಲಿಲ್ಲ. ತಾನು ಹೆತ್ತ ಮಗಳನ್ನು ಮೂರು ದಿನ ಸುಮ್ಮನೆ ಅನುಮಾನಿಸಿ ಸುಮ್ಮನೆ ಕಾಪಾಡಿದ್ದ.

ಡಾಕ್ಟರ್ ಲೇಸಿ ಹತ್ತು ಎಂದು ಟೈಪ್ ಮಾಡಿ, ತಾನೇ ಲಕೋಟೆ ಅಂಟಿಸಿ ಕಳಿಸಿದ್ದ. ಕಾಗದ ಮುಟ್ಟಿದ್ದು ಮಿಸೆಸ್ ಥರ್ಸ್‌ಫೀಲ್ಡಳ ಮನೆಯನ್ನು. ಅಲ್ಲಿ ಇದ್ದವರು ಇಬ್ಬರೇ, ಮುದುಕಿ ಮತ್ತು ಅವಳನ್ನು ನೋಡಿಕೊಳ್ಳುತ್ತಿದ್ದವಳು. ಕಣ್ಣು ಮಂಜಾದ ಆ ಮುದುಕಿಯ ನಾಲ್ಕಕ್ಕೆ ಎಂದೂ ಕಾಲುಗೀಟು ಇರಲಿಲ್ಲ. ಇಪ್ಪತ್ತು ವರ್ಷ ಅವಳ ಇಸವಿಗಳನ್ನು ತಿದ್ದಿ ಅಚ್ಚಿಗೆ ಕಳಿಸಿದವಳು ಹೆಸ್ಟರೇ.

ಇನ್ನೊಬ್ಬಳಿಗೆ ಆ ಗೀಟು ಎಳೆಯುವುದನ್ನು ಕಲಿಸಿದವಳೂ ಹೆಸ್ಟರೇ. ಐದು ವರ್ಷದ ಹುಡುಗಿಯ ಪುಟ್ಟ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದು, ಸ್ಲೇಟಿನ ಮೇಲೆ, ಮತ್ತೆ ಮತ್ತೆ.

ಗಾರ್ಡ್ ಹಸಿರು ಬಾವುಟ ಎತ್ತಿದ.

“ಹತ್ತಿ ಅತ್ತೆ, ಹೊರಡ್ತಿದೆ!” ಮಾರ್ಗರೆಟ್ ಬಾಗಿ ಅವಳ ತೋಳು ಹಿಡಿದು ಮೇಲಕ್ಕೆಳೆದಳು. ತನ್ನ ಶಾಲನ್ನು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದಳು. ಬಾಗಿಲು ಮುಚ್ಚಿತು. ಡಬ್ಬಿ ಅಲುಗಿತು.

“ಎಷ್ಟು ನಡುಗ್ತಿದ್ದೀರಿ! ಅದಿರಲಿ, ನೀವು ಹುಡುಕ್ತಿದ್ದ ಆ ಚೀಟಿ,” ಎಂದಳು ಮಾರ್ಗರೆಟ್, ಅವಳ ಕಣ್ಣಲ್ಲಿ ಕಣ್ಣಿಟ್ಟು, ಆಸೆಯಿಂದ. “ಸಿಕ್ತಾ?”